ಸ್ವಿಚ್ ಬೋರ್ಡಿನ ಚಿತ್ತಾರ

ನಮಸ್ಕಾರ. ಎದ್ದು ನಿಲ್ಲಬೇಡಿ, ಕೂತೇ ಓದಿ. ಶಿಳ್ಳೆ ಹೊಡೆಯಬೇಕು ಅನಿಸಿದರೆ ಹೊಡೆಯಿರಿ, ನಾನು ಬೇಡ ಅನ್ನುವುದಿಲ್ಲ.

ಆ ವಿಡಿಯೋ ನೀವೂ ನೋಡಿದ್ದೀರಿ. ನೋಡಿಲ್ಲ ಅಂತ ನಾಟಕ ಆಡಬೇಡಿ. ಶಿಕಾರಿಪುರದ ಹೊಸ ಕಲ್ಯಾಣ ಮಂಟಪ. ಎಸಿ ಹಾಲು. ವೇದಿಕೆಯ ಹಿಂದೆ ಕನ್ನಡಿಯ ಹಾಗೆ ಹೊಳೆಯುವ ಚಿತ್ತಾರದ ಗೋಡೆ. ಆ ಗೋಡೆಯ ಮೇಲೆ ಒಂದು ಕೈ. ಮೊಣಕೈವರೆಗೆ ಕೆಮ್ಮಣ್ಣು. ಕೈ ಎಡದಿಂದ ಬಲಕ್ಕೆ ಸಾಗುತ್ತದೆ, ಚಿತ್ತಾರ ಮುಚ್ಚಿಹೋಗುತ್ತದೆ. ಕೆಂಪು ನೀರು ಇಳಿದು ಬಿಳಿ ಸೋಫಾದ ಮೇಲೆ ತೊಟ್ಟಿಕ್ಕುತ್ತದೆ. ಹಿಂದೆ ಡಂ ಡಂ ಅಂತ ಹಾಡು. ಮುಖ ಕಾಣುವುದಿಲ್ಲ. ಬರೀ ಕೈ.

ಯಾರ ಕೈ, ಯಾರ ಕೈ ಅಂತ ಕಾಮೆಂಟಿನಲ್ಲಿ ಜಗಳ. 'ಇದು ಎಐ ಮಾಡಿದ ವಿಡಿಯೋ, ನಿಜ ಅಲ್ಲ' ಅಂತ ಒಬ್ಬ ಪಂಡಿತ ಬರೆದಿದ್ದಾನೆ. ಎಲ್ಲರಿಗಿಂತ ಜಾಸ್ತಿ ಲೈಕು ಅವನಿಗೇ ಬಿದ್ದಿದೆ.

ನಿಜ ಕಣಪ್ಪಾ ಪಂಡಿತ. ಆ ಕೈ ನನ್ನದು. ತೀರ್ಥೇಶ, ಹೊಸಬಾಳೆ, ಸೊರಬ ತಾಲ್ಲೂಕು. ಕೈ ಎತ್ತುವ ಮುಂಚೆ ಡೈಲಾಗೂ ಹೊಡೆದಿದ್ದೆ. 'ಬೆಂಕಿ ಹಚ್ಚೋಕೆ ನಿಮಗೆ ಕಡ್ಡಿ ಬೇಕು. ನನಗೆ ಕಣ್ಣು ಸಾಕು.' ಹಾಡಿನ ಸದ್ದಿಗೆ ನಿಮಗೆ ಕೇಳಿಸಿಲ್ಲ, ಅಷ್ಟೆ.

ಹೇಗೆ ಬಂತು ಆ ಕೈ ಆ ಗೋಡೆಗೆ? ಹೇಳುತ್ತೇನೆ.

ನಾನು ಶಿಕಾರಿಪುರ ಬಸ್ ಸ್ಟ್ಯಾಂಡ್ ಹತ್ತಿರ ಕೊಟ್ರೇಶಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಫ್ಲೆಕ್ಸ್ ಕಟ್ಟುವುದು, ಸ್ಟಿಕ್ಕರ್ ಅಂಟಿಸುವುದು. ನಾನು ಅಂಟಿಸದ ಮುಖ ತಾಲ್ಲೂಕಿನಲ್ಲಿಲ್ಲ. ಕೈ ಮುಗಿದ ಮುಖ, ಬೆರಳು ತೋರಿಸುವ ಮುಖ, ಹುಟ್ಟುಹಬ್ಬದ ಮುಖ, ಸತ್ತ ಮುಖ. ಕಂಬ ಹತ್ತಿ ಕಂಬ ಇಳಿದು ತೊಡೆ ಸಿಪ್ಪೆ ಸುಲಿದಿದೆ. ಕೊಟ್ರೇಶಣ್ಣ ಮೊದಲು ಕುಂಚ ಹಿಡಿದು ಅಂಗಡಿ ಬೋರ್ಡು ಬರೆಯುತ್ತಿದ್ದವನು. ಅವನ ಕುಂಚಗಳು ಈಗಲೂ ಒಂದು ಡಬ್ಬಿಯಲ್ಲಿ ನಿಂತಿವೆ, ಒಣಗಿದ ಹಲ್ಲುಕಡ್ಡಿಯ ಹಾಗೆ. ಕಂಪ್ಯೂಟರ್ ಕೆಟ್ಟ ದಿನ ಮಾತ್ರ ಅವನ್ನು ನೋಡಿ, "ನಾನೂ ಒಂದ್ ಕಾಲಕ್ಕೆ ಆರ್ಟಿಸ್ಟ್ ಇದ್ದೆ ಕಣಲೇ" ಅನ್ನುತ್ತಾನೆ. ಕಂಪ್ಯೂಟರ್ ಸರಿಹೋದ ಕೂಡಲೇ ಮರೆಯುತ್ತಾನೆ.

ಇನ್ನು ತಿಮ್ಮಮ್ಮ. ನನ್ನ ಅವ್ವನ ಅಕ್ಕ. ನನಗೆ ದೊಡ್ಡಮ್ಮ. ಹೊಸಬಾಳೆಯಲ್ಲಿ ಅವಳ ಬಾಯಿಗೆ ನಾಯಿಯೂ ಹೆದರುತ್ತದೆ. ಚಿತ್ತಾರ ಬರೆಯುತ್ತಾಳೆ. ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವ ಚಿತ್ತಾರ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುತ್ತಾಳೆ. ನಡುವೆ ದಂಡಿಗೆ, ಅಂದರೆ ಮದುವೆಯ ಪಲ್ಲಕ್ಕಿ, ದಂಡಿಗೆ ಹೊತ್ತವರು, ದಿಬ್ಬಣದವರು. ಇದಕ್ಕೊಂದು ಕಟ್ಟಳೆ ಇದೆ. ಹಳೆಯ ಚಿತ್ತಾರದ ಮೇಲೆ ಹೊಸದು ಬರೆಯುವಂತಿಲ್ಲ. ಹಿಂದಿನ ಮದುವೆಯದನ್ನು ಕೆಮ್ಮಣ್ಣಿನಲ್ಲಿ ಪೂರ್ತಿ ಮುಚ್ಚಬೇಕು. ಆಮೇಲೆ ಮೊದಲ ಎಳೆ. ದೊಡ್ಡಮ್ಮ ತನ್ನ ಕೈಯಾರೆ ಬರೆದದ್ದನ್ನು ತನ್ನ ಕೈಯಾರೆ ಎಷ್ಟೋ ಸಲ ಬಳಿದು ಮುಚ್ಚಿದ್ದಾಳೆ. ಅಯ್ಯೋ ಅಂದದ್ದು ನಾನು ಕೇಳಿಲ್ಲ.

ಅವಳ ಮಗಳು ಶ್ರೀಲತಾಳ ಮದುವೆಯ ವಾರ ಏನಾಯಿತು ಅಂದರೆ, ಕರೆಂಟ್ ಕೆಲಸದ ಪರಶುರಾಮ ಬಂದು ಹಸೆಗೋಡೆಯ ನಟ್ಟನಡುವೆ ಒಂದು ಸ್ವಿಚ್ ಬೋರ್ಡ್ ಕೂರಿಸಿ ಹೋದ. ಎರಡು ಸ್ವಿಚ್ಚು, ಮೂರು ತೂತಿನ ಒಂದು ಸಾಕೆಟ್ಟು. ದೊಡ್ಡಮ್ಮ ಗದ್ದೆಯಿಂದ ಬಂದು ನೋಡಿದಳು.

"ಎಂತದಾ ಇದು? ಹಣೆ ಮೇಲೆ ಕುರು ಎದ್ದಂಗೆ?"

"ಲೈನು ಅಲ್ಲೇ ಬಂದೈತಿ ತಿಮ್ಮಕ್ಕ. ಎಂತ ಮಾಡ್ಲಿ?"

"ನಿನ್ನ ಲೈನಿಗಿಷ್ಟು ಮಣ್ಣ್ ಹಾಕ."

ಬೈದಳು. ಉಗಿದಳು. ಆಮೇಲೆ ಕುಂಚ ತಗೊಂಡು ಆ ಬೋರ್ಡಿನ ಸುತ್ತ ನಾಲ್ಕು ಸುತ್ತು ಎಳೆ ಎಳೆದಳು. ನಾನು ನಕ್ಕೆ. ಅವಳು ತಿರುಗದೆಯೇ ಹೇಳಿದಳು.

"ನಗ್ಬೇಡ. ಕರೀದೇ ಬಂದ ನೆಂಟ ಇವ. ಬಂದ್ ಮೇಲೆ ಮಣೆ ಹಾಕ್ಬೇಕಲ."

ಮದುವೆ ಆಯಿತು. ಗೋಡೆ ಹಾಗೇ ಉಳಿಯಿತು. ಅದಾದ ಮೇಲೆ ದೊಡ್ಡಮ್ಮನನ್ನು ಯಾರೂ ಗೋಡೆಗೆ ಕರೆಯಲಿಲ್ಲ. ಊರ ಗೋಡೆಗಳೆಲ್ಲ ಸಿಮೆಂಟು, ಮೇಲೆ ಪೇಂಟು. ಮದುವೆಗಳೆಲ್ಲ ಮಂಟಪದಲ್ಲಿ, ಹಿಂದೆ ಥರ್ಮಕೋಲಿನ ನವಿಲು. ಅವಳು ಎಲ್ಲರ ಮದುವೆಗೂ ಹೋಗುತ್ತಿದ್ದಳು. ಆ ನವಿಲನ್ನು ನೋಡಿಕೊಂಡು ಹೋಳಿಗೆ ತಿಂದು ಬರುತ್ತಿದ್ದಳು.

"ಮದುವೆ ಮಂಟಪಕ್ಕೆ ಹೋತು. ಚಿತ್ತಾರನೂ ಹೋಗ್ಬೇಕು. ಇಲ್ಲಿ ಗೋಡೆ ಮೇಲೆ ಕೂತು ಎಂತ ಮಾಡ್ತೈತಿ, ಹಲ್ಲಿ ಕಾಯ್ತೈತಾ?" ಅನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಮಂಟಪದಲ್ಲಿ ಒಂದು ಗೋಡೆ.

ಅಂಥ ಹೊತ್ತಿಗೆ ಸಂಗಮೇಶ್ ಸಾರ್ ಎಂಟ್ರಿ. ಶಿಕಾರಿಪುರದ ಮಂಡಿ ಸದಾಶಿವಪ್ಪನವರ ಮಗ. ಅಂಜನಾಪುರದ ಕಾಲುವೆ ನೀರು ಕುಡಿಯುವ ಗದ್ದೆ, ಪೇಟೆಯಲ್ಲಿ ಮಂಡಿ, ಈಗ ಹೊಸದಾಗಿ ಕಲ್ಯಾಣ ಮಂಟಪ. ಕೊಟ್ರೇಶಣ್ಣನ ಅಂಗಡಿಗೆ ಬಂದವರು ನನ್ನ ಫೋನಿನ ಪರದೆಯ ಮೇಲಿದ್ದ ಚಿತ್ರ ನೋಡಿದರು. ದೊಡ್ಡಮ್ಮನ ಗೋಡೆ.

"ಏನಲೇ ಇದು? ಎಲ್ಲೈತಿ? ನಡಿ, ತೋರ್ಸು."

ಕಾರಿನಲ್ಲಿ ಕರೆದುಕೊಂಡು ಹೋದೆ. ದೊಡ್ಡಮ್ಮ ಚಾ ಕಾಯಿಸಿದಳು. ಸಾರ್ ಚಾ ಕುಡಿಯುತ್ತಾ ಗೋಡೆಯ ಫೋಟೋ ಹೊಡೆದರು. ಹತ್ತಿರದಿಂದ, ದೂರದಿಂದ, ಕೂತು, ನಿಂತು, ಮೂಲೆ ಮೂಲೆಯದು. ವೈದ್ಯರು ಗಾಯ ನೋಡಿದ ಹಾಗೆ.

"ಏನ್ ಆರ್ಟ್ ರೀ ಅಮ್ಮಾರೆ ಇದು! ನಮ್ಮ ಹಾಲಿನ ಗೋಡೆ ನಿಮ್ದೇ, ಬಿಡ್ರಿ."

"ಎಷ್ಟ್ ದೊಡ್ಡದು ಗೋಡೆ?"

"ನಿಮ್ಮನೆಗಿಂತ ದೊಡ್ಡದೈತ್ರಿ."

"ನಮ್ಮನೆಗಿಂತ ದೊಡ್ಡದಾಗಕ್ಕೆ ಭಾಳ ದೊಡ್ಡದಾಗ್ಬೇಕಂತೇನಿಲ್ಲ. ಎತ್ತರ ಹೇಳಿ. ಏಣಿ ಬೇಕಾ?"

"ಏಣಿ ಏನು, ಕ್ರೇನೇ ಕೊಡಸ್ತೀನಿ. ಫೋನ್ ಮಾಡ್ತೀವಿ ಅಮ್ಮಾರೆ."

ಕಾರು ಹೋಯಿತು. ದೊಡ್ಡಮ್ಮ ಲೋಟ ತೊಳೆಯಲಿಲ್ಲ. ನೆಟ್ಟಗೆ ಗುಡ್ಡದ ಕಡೆ ಹೋದಳು. ಕೆಮ್ಮಣ್ಣು ಅಗೆದಳು. ಬುಟ್ಟಿ ಬುಟ್ಟಿ ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಸುರಿದಳು. ಹೆಂಟೆ ಒಡೆದಳು, ಕಲ್ಲು ಆರಿಸಿದಳು, ಜರಡಿ ಹಿಡಿದಳು. ಪುಂಡಿ ದಂಟು ನೀರಲ್ಲಿ ನೆನೆಹಾಕಿ ಕೊಳೆಸಿದಳು. ಆ ನಾತಕ್ಕೆ ಪಕ್ಕದ ಮನೆಯವರು ಜಗಳಕ್ಕೆ ಬಂದರು. ನಾರು ಬಿಡಿಸಿ ಕಲ್ಲಿನ ಮೇಲೆ ಜಜ್ಜಿ ಕುಂಚ ಕಟ್ಟಿದಳು. ಅವಳ ಮಂಡಿ ಮಡಿಸಿದರೆ ಕಟಕಟ ಅನ್ನುತ್ತದೆ. ಕುಕ್ಕರಗಾಲಲ್ಲಿ ಕೂರುವುದಕ್ಕೆ ಒಂದು ಬೈಗುಳ, ಏಳುವುದಕ್ಕೆ ಎರಡು.

ಫೋನ್ ಬರಲಿಲ್ಲ.

ಒಂದು ದಿನ ನಾನು ಅಂಗಡಿಯಲ್ಲಿದ್ದೆ. ಸಂಗಮೇಶ್ ಸಾರ್ ಕಂಪ್ಯೂಟರ್ ಮುಂದೆ ಕೂತಿದ್ದರು. ಕೊಟ್ರೇಶಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಸಾರ್ ಬಾಯಲ್ಲಿ ಹೇಳುತ್ತಿದ್ದರು, ಪರದೆಯ ಮೇಲೆ ಚಿತ್ತಾರ ಬರುತ್ತಿತ್ತು.

"ಇನ್ನಷ್ಟು ಗೋಲ್ಡ್ ಹಾಕು ಅಂದ್ರೆ ಹಾಕ್ತದೆ ನೋಡಲೇ ಕೊಟ್ರೇಶಾ. ಜನ ಜಾಸ್ತಿ ಮಾಡು ಅಂದ್ರೆ ಮಾಡ್ತದೆ. ಊಟ ಕೇಳಲ್ಲ, ಎಲೆಅಡಿಕೆ ಕೇಳಲ್ಲ, ಮಂಡಿ ನೋವು ಅನ್ನಲ್ಲ. ಆ ಅಮ್ಮನ್ನ ಕರ್ಸಿದ್ರೆ ತಿಂಗಳುಗಟ್ಲೆ ಹಾಲ್ ಮುಚ್ಚಿ ಕೂರ್ಬೇಕಿತ್ತು."

"ಯಾರ್ ಬಿಡ್ಸಿದ್ದು ಸಾರ್ ಇದು?" ಅಂದೆ.

"ಎಐ ಕಣಲೇ. ಆ ಅಮ್ಮನ ಮನೆ ಫೋಟೋ ಹಾಕಿ ಇದೇ ಸ್ಟೈಲಾಗೆ ಕೊಡು ಅಂದೆ. ಉಗುರು ಕಡಿಯೋದ್ರಾಗೆ ಕೊಡ್ತು."

ನಾನು ಪರದೆ ನೋಡಿದೆ. ಮಿಣಮಿಣ ಅನ್ನುತ್ತಿತ್ತು. ದೊಡ್ಡಮ್ಮನ ಎಳೆಗಳೇ. ಆದರೆ ಇಸ್ತ್ರಿ ಹೊಡೆದ ಎಳೆ. ದಂಡಿಗೆ ಇತ್ತು, ಹೊರುವವರೂ ಇದ್ದರು. ಅವರು ಮಾತ್ರ ದಂಡಿಗೆ ಹೊತ್ತಿರಲಿಲ್ಲ. ದಂಡಿಗೆ ತನ್ನಷ್ಟಕ್ಕೆ ಗಾಳಿಯಲ್ಲಿ ತೇಲುತ್ತಿತ್ತು. ಇವರು ಪಕ್ಕದಲ್ಲಿ ಕೈ ಮೇಲೆತ್ತಿ ನಿಂತಿದ್ದರು, ಟೇಪು ಕತ್ತರಿಸಲು ಬಂದ ಮುಖಂಡರ ಹಾಗೆ. ಹೆಗಲು ಯಾಕೆ ಬೇಕು ಅಂತ ಮಿಷನ್ನಿಗೆ ಯಾರು ಹೇಳಬೇಕು?

ನಟ್ಟನಡುವೆ, ನಾಲ್ಕು ಸುತ್ತು ಎಳೆಯ ಒಳಗೆ, ಒಂದು ಚೌಕ. ಅದರಲ್ಲಿ ಎರಡು ಗೀಟು, ಮೂರು ಚುಕ್ಕಿ. ಚುಕ್ಕಿಗೆ ಚಿನ್ನದ ಬಣ್ಣ.

ಪರಶುರಾಮನ ಸ್ವಿಚ್ ಬೋರ್ಡ್.

ನಾನು ಸುಮ್ಮನಿರುವ ಗಂಡಾ? ಅಲ್ಲೇ ಎದೆ ಸೆಟೆಸಿ ಹೇಳಿದೆ. 'ಸಾರ್, ಸಿಂಹದ ಫೋಟೋ ಗೋಡೆಗೆ ಹಾಕಬಹುದು. ಗರ್ಜನೆಗೆ ಸಿಂಹವೇ ಬೇಕು.' ಅಂಗಡಿ ಗಪ್‌ಚಿಪ್. ಕೊಟ್ರೇಶಣ್ಣನ ಬಾಯಿಂದ ಬೀಡಿ ಬಿತ್ತು.

ಆದರೂ ಅಂಟಿಸುವ ಕೆಲಸ ನನ್ನದೇ. ಹೊಟ್ಟೆಗೆ ಡೈಲಾಗ್ ಹಾಕಲಾಗುವುದಿಲ್ಲ. ವಿನೈಲ್ ರೋಲು ರೋಲಾಗಿ ಬಂತು. ಹೆಗಲ ಮೇಲೆ ಹೊತ್ತು ಹಾಲಿಗೆ ತಂದೆ. ಸಾರವೆ ಕಟ್ಟಿದೆ. ಮೇಲಿನಿಂದ ಅಂಟು ಬಿಡಿಸುತ್ತಾ, ರಬ್ಬರ್ ಪಟ್ಟಿಯಿಂದ ಗುಳ್ಳೆ ತಳ್ಳುತ್ತಾ ಇಳಿದೆ. ಒಂದು ಗುಳ್ಳೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಕತ್ತು ಹಿಂದಕ್ಕೆ ಮುರಿದು ನೋಡಿ ನೋಡಿ ಕಣ್ಣಿಗೆ ಕತ್ತಲೆ. ಎಸಿ ಇನ್ನೂ ಹಾಕಿರಲಿಲ್ಲ, ಅದು ಮದುವೆಯವರಿಗೆ. ಬೆವರು ಕಣ್ಣಿಗಿಳಿದು ಉರಿ. ಚುಕ್ಕಿಗೆ ಚುಕ್ಕಿ, ಎಳೆಗೆ ಎಳೆ ಕೂಡಿಸಬೇಕು. ನಾನು ಕೂಡಿಸಿದೆ. ದೊಡ್ಡಮ್ಮನ ಗೋಡೆಯನ್ನು ದೊಡ್ಡಮ್ಮನಿಲ್ಲದೆ ಎದ್ದು ನಿಲ್ಲಿಸಿದ ಮಹಾ ಕಲಾವಿದ ನಾನೇ.

ಮುಗಿಯುವ ಹೊತ್ತಿಗೆ ಸಾರ್ ಬಂದರು. ಗೋಡೆ ನೋಡಿದರು. ಮುಖ ಹುಳಿ ಮಾಡಿದರು.

"ಚೆಂದ ಐತಿ. ಆದ್ರೆ ಫ್ಲೆಕ್ಸ್ ಇದ್ದಂಗೆ ಕಾಣ್ತದಲ್ಲೋ."

"ಫ್ಲೆಕ್ಸೇ ಅಲ್ವಾ ಸಾರ್."

"ಬಾಯಿ ಮುಚ್ಚು. ನಿಮ್ಮ ದೊಡ್ಡಮ್ಮನ್ನ ಕರ್ಕಂಬಾ. ಓಪನಿಂಗ್ ದಿನ ಗೋಡೆ ಮುಂದೆ ಕೂರ್ಲಿ. ಕೈಯಾಗೆ ಆ ನಾರಿನ ಬ್ರಷ್ ಹಿಡ್ಕಂಡು, ಬರೀತಾ ಇರೋ ಹಂಗೆ ಆಕ್ಟ್ ಮಾಡ್ಲಿ. ಒಂದ್ ರೀಲ್ ಅಷ್ಟೆ. ಒರಿಜಿನಲ್ ಅಂತ ಜನಕ್ಕೆ ಅನ್ನಿಸ್ಬೇಕಲೇ. ಒಂದ್ ಸೀರೆ ಕೊಟ್ಟು ಕಳ್ಸಾಣ."

ಫೋನ್ ಮಾಡಿದೆ.

"ದೊಡ್ಡಮ್ಮಾ, ಗೋಡೆಗೆ ಕರೀತಿದಾರೆ."

ಅಷ್ಟೇ ಹೇಳಿದೆ. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ನಿಜವೂ ಇರಲಿಲ್ಲ.

"ಹೌದನಾ!" ಅಂದಳು. ಹಿಂದೆ ಪಾತ್ರೆ ಬಿದ್ದ ಸದ್ದು. "ಮಣ್ಣು ತಯಾರೈತಿ. ಅಕ್ಕಿ ಈಗ್ಲೇ ನೆನೆ ಹಾಕ್ತೆ. ಏಣಿ ಇದ್ಯನಾ ಅಲ್ಲಿ, ಕೇಳ್ದ್ಯಾ?"

ಓಪನಿಂಗ್ ದಿನ ಬೆಳಿಗ್ಗೆ ಅವಳು ಸೊರಬಕ್ಕೆ ಬಂದು, ಶಿರಾಳಕೊಪ್ಪದ ಮೇಲೆ ಬರುವ ಬಸ್ಸು ಹಿಡಿದು ಶಿಕಾರಿಪುರದಲ್ಲಿ ಇಳಿದಳು. ಒಂದು ಕೈಯಲ್ಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ ಬಕೆಟ್ಟು, ಅದರ ತುಂಬ ಕಲಸಿದ ಕೆಮ್ಮಣ್ಣು, ಬಾಯಿಗೆ ಬಟ್ಟೆ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಅಕ್ಕಿ ಹಿಟ್ಟಿನ ಕ್ಯಾನು. ಸೊಂಟದಲ್ಲಿ ಕುಂಚದ ಕಟ್ಟು. ಕಂಡಕ್ಟರ್ ಬಕೆಟ್ಟಿಗೂ ಟಿಕೆಟ್ ತಗೋ ಅಂದನಂತೆ. "ಬಕೆಟ್ಟಿಗೆ ಸೀಟ್ ಕೊಡ್ತ್ಯಾ?" ಅಂತ ಕೇಳಿದಳಂತೆ.

ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದರು. ಸೆಕ್ಯುರಿಟಿಯವನು ಬಕೆಟ್ ನೋಡಿದ. "ಕ್ಲೀನಿಂಗ್‌ನೋರು ಹಿಂದಿನ ಬಾಗ್ಲಾಗೆ ಬರ್ರಿ." ಹಿಂದಿನ ಬಾಗಿಲಿಂದ ಹೋದೆವು, ಎಂಜಲೆಲೆಯ ಡ್ರಮ್ಮು ದಾಟಿಕೊಂಡು.

ಒಳಗೆ ಒಂದು ಕೋಣೆಯಲ್ಲಿ ಅವಳಿಗೆ ಬಟ್ಟೆ ಕೊಟ್ಟರು. ಮೊಣಕಾಲಿಗೆ ಬರುವ ಒರಟು ಸೀರೆ, ಮರದ ಮಣಿ ಸರ, ತಲೆಗೆ ಹಕ್ಕಿಯ ಗರಿ. ಅವಳು ಗರಿ ಎತ್ತಿ ನೋಡಿದಳು.

"ಇದು ಎಂತಕ್ಕಾ? ಕೋಳಿ ಅಂಕಕ್ಕಾ?"

"ಟ್ರೆಡಿಷನಲ್ ಲುಕ್ ಅಮ್ಮಾ," ಅಂದಳು ನಿರೂಪಕಿ ಸೌಂದರ್ಯ. ಮೈಕು ಅವಳ ಕೆನ್ನೆಗೇ ಅಂಟಿತ್ತು.

"ನಮ್ಮ ಹಿಂದಿನೋರು ಕೋಳಿ ತಿಂತಿದ್ರು. ಗರಿ ತಲೆಗೆ ಕಟ್ತಿರ್ಲಿಲ್ಲ."

ಗರಿ ಅಲ್ಲೇ ಬಿಟ್ಟಳು. ಉಟ್ಟು ಬಂದ ಸೀರೆಯಲ್ಲೇ, ಬಕೆಟ್ ಹಿಡಿದು ಹಾಲಿನೊಳಗೆ ಬಂದಳು. ತಲೆ ಎತ್ತಿ ಗೋಡೆ ಹುಡುಕಿದಳು.

ಗೋಡೆ ಸಿಕ್ಕಿತು.

ನಾನು ಅವಳ ಮುಖ ನೋಡಲಿಲ್ಲ. ಅವಳ ಕೈಯಲ್ಲಿದ್ದ ಬಕೆಟ್ ನೋಡಿದೆ. ಅದು ನಿಧಾನಕ್ಕೆ ನೆಲಕ್ಕೆ ಇಳಿಯಿತು.

ಸೌಂದರ್ಯ ಮೈಕಿನಲ್ಲಿ ಅತಿಥಿಗಳಿಗೆ ಹೇಳುತ್ತಿದ್ದಳು. "ನಮ್ಮ ಮಲೆನಾಡಿನ ಪುರಾತನ ಕಲೆ, ಅತ್ಯಾಧುನಿಕ ತಂತ್ರಜ್ಞಾನದ ಸ್ಪರ್ಶದಲ್ಲಿ! ನಡುವೆ ಇರುವ ಈ ಚೌಕ ನೋಡಿ. ಇದು ಮೋಕ್ಷದ್ವಾರ. ಎರಡು ಗೆರೆ ಅಂದ್ರೆ ಜೀವಾತ್ಮ ಮತ್ತು ಪರಮಾತ್ಮ. ಮೂರು ಬಿಂದು ಅಂದ್ರೆ ಸತ್ವ, ರಜಸ್ಸು, ತಮಸ್ಸು."

"ಅದು ನಮ್ಮನೆ ಸ್ವಿಚ್ ಬೋರ್ಡಲ್ದನಾ?" ಅಂದಳು ದೊಡ್ಡಮ್ಮ, ಗಟ್ಟಿಯಾಗಿ.

ಹತ್ತಿರದವರು ನಕ್ಕರು. ಸಂಗಮೇಶ್ ಸಾರ್ ಜಾಸ್ತಿ ನಕ್ಕರು. "ಅಮ್ಮಾರು ಭಾಳ ತಮಾಷೆ ಮಾಡ್ತಾರ್ರೀ." ಯಾರಿಗೂ ನಾಚಿಕೆ ಆಗಲಿಲ್ಲ. ಒಬ್ಬರು ಜೀವಾತ್ಮ ಪರಮಾತ್ಮನ ಎದುರು ಹೆಂಡತಿಯನ್ನು ನಿಲ್ಲಿಸಿ ಫೋಟೋ ತೆಗೆದರು.

ಸಾರ್ ಅವಳನ್ನು ಗೋಡೆಯ ಬಳಿ ಕರೆದುಕೊಂಡು ಹೋದರು. ಅಲ್ಲಿ ಒಂದು ಮಣೆ, ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಅತಿಥಿಗಳ ಬಿಳಿ ಸೋಫಾ.

"ಇಲ್ಲಿ ಕೂರ್ರಿ ಅಮ್ಮಾರೆ. ಬ್ರಷ್ ಹಿಡ್ಕಳ್ರಿ. ಬಣ್ಣ ಬ್ಯಾಡ. ಗೋಡೆ ಮುಟ್ಟಬ್ಯಾಡ್ರಿ, ಕಲೆ ಆಗ್ತದೆ. ಗಾಳ್ಯಾಗೇ ಹಿಂಗೆ ಹಿಂಗೆ ಅನ್ರಿ. ಸ್ವಲ್ಪ ನಗ್ರಿ."

"ಇದನ್ನ ಬರ್ದವ್ರು ಯಾರು?"

"ಎಐ ರೀ. ಕಂಪ್ಯೂಟರ್."

"ಹಂಗಾರೆ ಅವನ್ನೇ ಕೂರ್ಸಿ."

"ಅದಕ್ಕೆ ಕೈ ಇಲ್ಲ ಅಮ್ಮಾರೆ." ಸಾರ್ ಮಗುವಿಗೆ ಹೇಳಿದ ಹಾಗೆ ಹೇಳಿದರು.

"ಕೈ ಇಲ್ದನು ಬರ್ದಾನೆ. ಕೈ ಇದ್ದೋಳು ಗಾಳೀಲಿ ಆಡಿಸ್ಬೇಕು. ಚೆಂದ ಐತಿ ನಿಮ್ಮ ನ್ಯಾಯ."

"ಲೇ ತೀರ್ಥೇಶಾ, ಹೇಳಲೇ ನಿಮ್ಮ ದೊಡ್ಡಮ್ಮಗೆ. ಟೈಮ್ ಆಗ್ತೈತಿ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ನಿಂಗ್ ಗೊತ್ತಿತ್ತನಾ?"

ಈಗ ಬಂತು ನೋಡಿ ನನ್ನ ಸೀನು. ಹಾಲು ನಿಶ್ಶಬ್ದ. ಫ್ಯಾನು ಸ್ಲೋಮೋಷನ್. ನಾನು ಕಂಬದ ಪಕ್ಕದಿಂದ ನಡೆದು ಬಂದೆ. ಸಂಗಮೇಶ್ ಸಾರ್ ಕಣ್ಣಿಗೆ ಕಣ್ಣಿಟ್ಟೆ. 'ಬೆಂಕಿ ಹಚ್ಚೋಕೆ ನಿಮಗೆ ಕಡ್ಡಿ ಬೇಕು. ನನಗೆ ಕಣ್ಣು ಸಾಕು.' ಬಕೆಟ್ಟಿಗೆ ಕೈ ಅದ್ದಿದೆ. ಮೊಣಕೈವರೆಗೆ. ಗೋಡೆಯ ಎಡಗಡೆಯಿಂದ ಶುರು. ಜೀವಾತ್ಮ ಹೋಯಿತು. ಪರಮಾತ್ಮ ಹೋಯಿತು. ಸತ್ವ, ರಜಸ್ಸು, ತಮಸ್ಸು ಎಲ್ಲ ಸೋಫಾದ ಮೇಲೆ ಇಳಿಯಿತು. ಜನ ಹೋ ಅಂದರು.

ಇದನ್ನೇ ನಾನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹೇಳಿದ್ದು. ವಿಡಿಯೋ ಹಾಕಿದ ಮಾರನೆಯ ದಿನದಿಂದ ಹೇಳುತ್ತಲೇ ಇದ್ದೇನೆ. ಹೇಳಿದಷ್ಟೂ ಚೆನ್ನಾಗಿ ಬರುತ್ತಿತ್ತು. ನಿಮಗೂ ಚೆನ್ನಾಗಿಯೇ ಹೇಳಿದೆ.

ಆಮೇಲೆ ಶ್ರೀಲತಾ ಫೋನ್ ಮಾಡಿದಳು. ದೊಡ್ಡಮ್ಮನ ಮಗಳು. ಸ್ವಿಚ್ ಬೋರ್ಡಿನ ಮುಂದೆ ಹಸೆಗೆ ಕೂತವಳು.

"ವಿಡಿಯೋದಾಗಿರೋ ಕೈ ನಿಂದಂತಲ್ಲಾ?"

"ಹ್ಞೂಂ, ಅದು..."

"ಹಾಡು ತೆಗ್ದು ಹಾಕು ಒಂದ್ಸಲ. ಕೇಳಾನ."

ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

"ನಮ್ಮವ್ವನ ಗೋಡೆ ನೋಡಿ ಆ ಮಿಷನ್ನು ನಂದು ಅಂತು. ನಮ್ಮವ್ವನ ಕೈ ನೋಡಿ ನೀ ನಂದು ಅಂತೀ. ನೀನೂ ಮಿಷನ್ನೇನಾ ತೀರ್ಥ? ಅದಕ್ಕಾದ್ರೆ ಅವ್ವ ಯಾರು ಅಂತ ಗೊತ್ತಿರ್ಲಿಲ್ಲ."

ಫೋನಿಟ್ಟಳು.

ಹಾಡು ತೆಗೆಯುತ್ತೇನೆ. ಹಾಡು ಹಾಕಿದ್ದು ನಾನೇ. ವಿಡಿಯೋ ತೆಗೆದವನೂ ನಾನೇ. ಆ ಡಂ ಡಂ ಸದ್ದಿನ ಕೆಳಗೆ ಇನ್ನೊಂದು ಸದ್ದು ಇದೆ. ಗಾಜಿನ ಬಳೆಯದು. ಕೆಸರು ಮೆತ್ತಿ ಬಣ್ಣ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಪ್ರತಿ ಸಲ ಕೈ ಬಲಕ್ಕೆ ಹೋದಾಗ ಬಳೆ ಮಣಿಕಟ್ಟಿಗೆ ಜಾರುತ್ತದೆ.

ಆಗಿದ್ದು ಹೀಗೆ.

"ನಿಂಗ್ ಗೊತ್ತಿತ್ತನಾ?" ಅಂತ ದೊಡ್ಡಮ್ಮ ಕೇಳಿದಾಗ ನಾನು ಹಲ್ಲು ಕಿರಿದೆ. ನನಗೆ ಏನೂ ತೋಚದಿದ್ದಾಗ ಬರುವ ನಗು. ಅವಳಿಗೆ ಉತ್ತರ ಸಿಕ್ಕಿತು. ಬಯ್ಯಲಿಲ್ಲ. ಅದೊಂದೇ ಸಲ ಅವಳು ನನ್ನನ್ನು ಬಯ್ಯದೆ ಬಿಟ್ಟದ್ದು.

ಸಾರ್ ಮತ್ತೆ ಮಣೆ ತೋರಿಸಿದರು. "ಕೂರ್ರಿ ಅಮ್ಮಾರೆ, ಸುಮ್ನೆ ಆಕ್ಟಿಂಗು."

"ಬರಲ್ಲ."

"ಏನ್ ಬರಲ್ಲ?"

"ಸುಳ್ಳ್ ಸುಳ್ಳೇ ಕೈ ಆಡಿಸಕ್ಕೆ ಬರಲ್ಲ. ಗೋಡೆಗೆ ಕರ್ದ್ರಿ, ಬಂದೆ. ಗೋಡೆ ಕೆಲಸ ಮಾಡ್ತೆ."

ಮಂಡಿ ಕಟಕಟ ಅನ್ನಿಸುತ್ತಾ ಕುಕ್ಕರಗಾಲಲ್ಲಿ ಕೂತಳು. ಬಕೆಟ್ಟಿನ ಬಟ್ಟೆ ಬಿಚ್ಚಿದಳು. ಎರಡೂ ಕೈ ಒಳಗಿಟ್ಟು ಮಣ್ಣು ತಿರುವಿದಳು. ಎದ್ದಳು. ಸಾರ್ ಇದು ಆಕ್ಟಿಂಗಿನ ಶುರು ಅಂದುಕೊಂಡು ಕ್ಯಾಮೆರಾದವನಿಗೆ ಸನ್ನೆ ಮಾಡಿದರು.

ಅವಳು ಎರಚಲಿಲ್ಲ. ಚೀರಲಿಲ್ಲ. ಬಳಿದಳು. ಮನೆಯಲ್ಲಿ ಹೇಗೆ ಬಳಿಯುತ್ತಾಳೋ ಹಾಗೆ, ಎಡದಿಂದ ಬಲಕ್ಕೆ, ಅಂಗೈ ಒತ್ತಿ, ಒಂದರ ಮೇಲೊಂದು ಪಟ್ಟೆ. ಹಳೆಯದನ್ನು ಮುಚ್ಚಿ ಹೊಸದಕ್ಕೆ ಅಣಿ ಮಾಡುವ ಕೆಲಸ. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ಕೆಲಸ ಇತ್ತು. ತೇಲುವ ದಂಡಿಗೆಯೂ ಕೈ ಎತ್ತಿದವರೂ ಮುಚ್ಚಿಹೋದರು. ಮೋಕ್ಷದ್ವಾರದ ಮೇಲೆ ಅಂಗೈ ಎರಡು ಸಲ ಆಡಿತು.

ಸಾರ್ ಕೂಗಿದರು. ಸೌಂದರ್ಯಳ ಮೈಕು ಕುಯ್ ಅಂದಿತು. ಸೋಫಾದಲ್ಲಿದ್ದವರು ಎದ್ದು ಪಂಚೆ ಎತ್ತಿಕೊಂಡರು.

ಮಣ್ಣು ನಿಲ್ಲಲಿಲ್ಲ. ನಾನು ಅಂಟಿಸಿದ ವಿನೈಲ್. ಮಣ್ಣಿನ ಗೋಡೆಯಾಗಿದ್ದರೆ ಕುಡಿಯುತ್ತಿತ್ತು. ಇದು ಉಗುಳಿತು. ಬಳಿದದ್ದೆಲ್ಲ ಜಾರಿ ಜಾರಿ ಕೆಳಗೆ ಬಂತು. ಅವಳು ಮತ್ತೆ ಬಳಿದಳು. ಮತ್ತೆ ಜಾರಿತು. ಮೂರನೆಯ ಸಲಕ್ಕೆ ಕೈ ನಿಲ್ಲಿಸಿದಳು. ಗೋಡೆಯನ್ನು ಉಗುರಲ್ಲಿ ಒಮ್ಮೆ ಕೆರೆದಳು. ಪ್ಲಾಸ್ಟಿಕ್ಕಿನ ಸದ್ದು ಬಂತು.

"ಥೂ," ಅಂದಳು. "ಗೋಡೆನೂ ಸುಳ್ಳೇಯ."

ಅಷ್ಟು ಹೊತ್ತೂ ನಾನು ಕಂಬದ ಹಿಂದೆ ನಿಂತು ಫೋನ್ ಹಿಡಿದಿದ್ದೆ. ಅದೇ ನೀವು ನೋಡಿದ ವಿಡಿಯೋ. ಕಡ್ಡಿ ಬೆಂಕಿ ಕಣ್ಣು, ಯಾವ ಡೈಲಾಗೂ ಅಲ್ಲಿ ಹೊಡೆದಿಲ್ಲ. ಅಂಗಡಿಯಲ್ಲಿ ಸಿಂಹ, ಗರ್ಜನೆ ಅಂದೆನಲ್ಲ, ಅದನ್ನೂ ಹೇಳಿದ್ದು ಶೌಚಾಲಯದ ಕನ್ನಡಿಗೆ. ಬೀಡಿ ಬಿದ್ದದ್ದು ನಿಜ. ಕೊಟ್ರೇಶಣ್ಣ ಆಕಳಿಸಿದ.

ಸಂಗಮೇಶ್ ಸಾರ್‌ಗೆ ನಷ್ಟ ಆಯಿತು ಅಂದುಕೊಂಡಿರಾ? ಆ ವಿಡಿಯೋ ಈಗ ಅವರ ಮಂಟಪದ ಜಾಹೀರಾತು. 'ಏನೇ ಎರಚಿದರೂ ತೊಳೆದರೆ ಹೊಸದರಂತೆ' ಅಂತ ಕೆಳಗೆ ಬರೆಸಿದ್ದಾರೆ. ಆ ಅಕ್ಷರ ಕೂರಿಸಿದ್ದು ನಮ್ಮ ಅಂಗಡಿಯಲ್ಲೇ. ಮೋಕ್ಷದ್ವಾರದ ಮುಂದೆ ನಿಂತು ಗಂಡು ಹೆಣ್ಣು ಫೋಟೋ ತೆಗೆಸಿಕೊಳ್ಳುತ್ತಾರೆ. ಇವತ್ತೂ ಒಂದು ಮದುವೆ ಇದೆ.

ಇನ್ನೊಂದು ಉಳಿದಿದೆ. ಇದನ್ನು ಶ್ರೀಲತಾಳೂ ಕೇಳಿಲ್ಲ.

"ಲೇ ತೀರ್ಥೇಶಾ!" ಅಂತ ಸಾರ್ ಕೂಗಿದರು. "ಏನ್ ನೋಡ್ತಾ ನಿಂತೀಯಲೇ? ಬಟ್ಟೆ ತಗಂಬಾ. ಒರಸು."

ಫೋನ್ ಜೇಬಿಗೆ ಹಾಕಿದೆ. ಬಟ್ಟೆ ತಂದೆ. ಆಗಲ್ಲ ಅನ್ನುವ ಮಾತು ನನ್ನ ಬಾಯಿಯ ಹತ್ತಿರಕ್ಕೂ ಬರಲಿಲ್ಲ. ಬಂದಿತ್ತು, ನುಂಗಿದೆ ಅಂತ ಹೇಳಿದರೆ ಅದೂ ಡೈಲಾಗೇ. ದೊಡ್ಡಮ್ಮ ಇನ್ನೂ ಗೋಡೆಯ ಪಕ್ಕದಲ್ಲಿ ನಿಂತಿದ್ದಳು, ಎರಡು ಕೈಯನ್ನೂ ಮೈಯಿಂದ ದೂರ ಹಿಡಿದು, ಸೀರೆಗೆ ತಾಗದ ಹಾಗೆ. ಅವಳ ಮುಂದೆಯೇ ಮಂಡಿಯೂರಿದೆ. ಅವಳು ಗುಡ್ಡದಿಂದ ತಲೆಯ ಮೇಲೆ ಹೊತ್ತು ತಂದ, ಒಡೆದ, ಜರಡಿ ಹಿಡಿದ ಮಣ್ಣು. ಒಂದೇ ಎಳೆತಕ್ಕೆ ಬಂತು. ವಿನೈಲ್ ಮೇಲೆ ಯಾವುದೂ ಕೂರುವುದಿಲ್ಲ. ಬಟ್ಟೆ ಹಿಂಡಿದೆ, ಮತ್ತೆ ಒರೆಸಿದೆ. ದಂಡಿಗೆ ವಾಪಸ್ ಬಂತು. ಕೈ ಎತ್ತಿದವರು ವಾಪಸ್ ಬಂದರು. ಸ್ವಿಚ್ ಬೋರ್ಡ್ ಪಳಪಳ ಹೊಳೆಯಿತು. ಯಾರೋ ಚಪ್ಪಾಳೆ ತಟ್ಟಿದರು.

ದೊಡ್ಡಮ್ಮ ಖಾಲಿ ಬಕೆಟ್ ಎತ್ತಿಕೊಂಡಳು. ಕ್ಯಾನು ತಗೊಂಡಳು. ಮುಂದಿನ ಬಾಗಿಲ ಕಡೆ, ಪನ್ನೀರಿನವರ ನಡುವೆ ಹೊರಟವಳು, ನನ್ನ ಹತ್ತಿರ ಬಂದಾಗ ನಿಂತಳು. ಕೆಂಪು ಬೆರಳಿನಿಂದ ಗೋಡೆಯ ಕೆಳಮೂಲೆ ತೋರಿಸಿದಳು.

"ಅಲ್ಲಿ ಇನ್ನೊಂಚೂರು ಉಳೀತು ನೋಡು ತೀರ್ಥ. ಒರಸು."

ಒರೆಸಿದೆ.